ಪಕ್ಕದೂರಿನ ಪಂಚರು ಬೇಡ ಅಂದರೆ

(ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಕನ್ನಡದವರ ತಿಂಗಳ ಕೂಟದಲ್ಲಿ ಒಂದು ಭಾನುವಾರ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಅವತ್ತು ಬಿಸಿಬೇಳೆಬಾತ್ ಬರುವುದು ತಡವಾಯಿತು, ಹಾಗಾಗಿ ಮಾತೂ ಸ್ವಲ್ಪ ಉದ್ದವಾಯಿತು.)

ಎಲ್ಲರಿಗೂ ನಮಸ್ಕಾರ.

ಈ ವಿಷಯ ನಾನು ಆರಿಸಿಕೊಂಡದ್ದಲ್ಲ. ನಮ್ಮ ವಾಟ್ಸಾಪ್ ಗುಂಪು ಆರಿಸಿದ್ದು. ಬ್ರಿಟನ್ನು ಮಾನವ ಹಕ್ಕುಗಳ ಯುರೋಪಿಯನ್ ಒಪ್ಪಂದದಿಂದ ಹೊರಬರಬೇಕು ಅನ್ನುವ ಸುದ್ದಿಯೊಂದನ್ನು ಯಾರೋ ಹಾಕಿದರು. ಅರ್ಧ ಗಂಟೆಯಲ್ಲಿ ಎಂಬತ್ತು ಮೆಸೇಜು. "ಬಿಟ್ಟರೆ ಒಳ್ಳೆಯದೇ ಆಯ್ತು, ನಾವೇನು ದೋಣಿ ಹತ್ತಿ ಬಂದ್ವಾ, ದುಡ್ಡು ಕಟ್ಟಿ ಸಾಲಿನಲ್ಲಿ ನಿಂತು ಬಂದವರು" ಅಂತ ಒಬ್ಬರು. "ನಾಳೆ ನಮ್ಮ ಬುಡಕ್ಕೂ ಬರತ್ತೆ ನೋಡ್ತಿರಿ" ಅಂತ ಇನ್ನೊಬ್ಬರು. ಮಧ್ಯೆ ಮತ್ಯಾರೋ ಶುಭೋದಯ ಅಂತ ದಾಸವಾಳದ ಚಿತ್ರ ಹಾಕಿದರು. ಕೊನೆಗೆ ನಮ್ಮ ಕಾರ್ಯದರ್ಶಿಗಳು, "ಸಾರ್, ವಲಸೆ ಕಾನೂನಿನ ಆಫೀಸಿನಲ್ಲಿ ಇಪ್ಪತ್ತು ವರ್ಷ ಫೈಲು ತಿರುವಿದವರು ನೀವು, ನೀವೇ ಮಾತಾಡಿಬಿಡಿ" ಅಂದರು.

ಮೊದಲೇ ಹೇಳಿಬಿಡುತ್ತೇನೆ. ನಾನು ವಕೀಲನಲ್ಲ. ವಕೀಲರಿಗೆ ಕಾಗದಪತ್ರ ಜೋಡಿಸಿಕೊಡುತ್ತಿದ್ದವನು. ನನ್ನ ಅಭಿಪ್ರಾಯವೂ ಈಗಲೇ ಗೊತ್ತಾಗಲಿ: ಬಿಡಬಾರದು. ಯಾಕೆ ಅನ್ನುವುದಕ್ಕೆ, ಆ ಒಪ್ಪಂದದ ಕೋರ್ಟಿರುವ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ಗೆ ಹೋಗುವ ಮುಂಚೆ ಇಲ್ಲೇ ಹತ್ತು ನಿಮಿಷದ ದಾರಿ, ಬೆಲ್‌ಗ್ರೇವ್ ರೋಡಿಗೆ ಹೋಗಿಬರೋಣ.

ಅಲ್ಲಿ ಸೀರೆ ಅಂಗಡಿ, ಚಿನ್ನದ ಅಂಗಡಿ, ಜಿಲೇಬಿ, ಗಾಂಠಿಯಾ. ದೀಪಾವಳಿಗೆ ಆ ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಗರ ಸಭೆ ಇವತ್ತು ಅದನ್ನು ಹೆಮ್ಮೆಯಿಂದ ತೋರಿಸುತ್ತದೆ. ಇದೇ ನಗರ ಸಭೆ 1972ರ ಸೆಪ್ಟೆಂಬರ್‌ನಲ್ಲಿ ಉಗಾಂಡಾದ 'ಉಗಾಂಡಾ ಆರ್ಗಸ್' ಪತ್ರಿಕೆಯಲ್ಲಿ ದುಡ್ಡು ಕೊಟ್ಟು ಜಾಹೀರಾತು ಹಾಕಿಸಿತ್ತು. ಸಾರಾಂಶ ಇಷ್ಟೇ: ನಿಮ್ಮ ಮತ್ತು ನಿಮ್ಮ ಮನೆಯವರ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ, ದಯವಿಟ್ಟು ಲೆಸ್ಟರ್‌ಗೆ ಬರಬೇಡಿ. ಇದಿ ಅಮೀನ್ ಏಷ್ಯನ್ನರಿಗೆ 90 ದಿನ ಗಡುವು ಕೊಟ್ಟು ಹೊರದಬ್ಬುತ್ತಿದ್ದ ಕಾಲ ಅದು. ಸುಮಾರು 28,000 ಜನ ಬ್ರಿಟನ್ನಿಗೆ ಬಂದರು. ಜಾಹೀರಾತು ನೋಡಿಯೇ ಲೆಸ್ಟರ್ ಅನ್ನುವ ಊರಿದೆ ಅಂತ ಗೊತ್ತಾಯಿತು, ಅದಕ್ಕೇ ಇಲ್ಲಿಗೆ ಬಂದೆವು ಅಂತ ತಮಾಷೆ ಮಾಡುವ ಹಿರಿಯರು ಈಗಲೂ ಆ ಬೀದಿಯಲ್ಲಿ ಸಿಗುತ್ತಾರೆ.

ನಾನು ಹೇಳಬೇಕೆಂದಿರುವ ಕತೆ ಅದಕ್ಕೂ ನಾಲ್ಕು ವರ್ಷ ಹಿಂದಿನದು.

ಕೀನ್ಯಾ ಸ್ವತಂತ್ರವಾದದ್ದು 1963ರ ಡಿಸೆಂಬರ್‌ನಲ್ಲಿ. ಅಲ್ಲಿದ್ದ ಭಾರತೀಯ ಮೂಲದವರಿಗೆ ಅಲ್ಲಿನ ಪೌರತ್ವ ಪಡೆಯಲು ಎರಡು ವರ್ಷ ಸಮಯ ಕೊಟ್ಟರು. ತುಂಬಾ ಜನ ಪಡೆಯಲಿಲ್ಲ. ಅವರ ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಇತ್ತು. ರಾಣಿಯ ಹೆಸರಿನಲ್ಲಿ ಕೊಟ್ಟ, ಲಂಡನ್ ಸರ್ಕಾರದ ಅಸಲಿ ಪಾಸ್‌ಪೋರ್ಟ್. 1967ರಲ್ಲಿ ಕೀನ್ಯಾ ಇಂಥವರ ಕೆಲಸಕ್ಕೆ ಪರ್ಮಿಟ್, ವ್ಯಾಪಾರಕ್ಕೆ ಲೈಸೆನ್ಸ್ ಅಂತ ಶುರು ಮಾಡಿತು. ಜನ ಗಂಟುಮೂಟೆ ಕಟ್ಟಿ ಲಂಡನ್ ವಿಮಾನ ಹತ್ತಿದರು. ಇಲ್ಲಿ ಪತ್ರಿಕೆಗಳು ಬೊಬ್ಬೆ ಹೊಡೆದವು. ಆಗ ಇದ್ದದ್ದು ಲೇಬರ್ ಸರ್ಕಾರ, ಗೃಹ ಸಚಿವ ಜೇಮ್ಸ್ ಕ್ಯಾಲಹನ್. ಮೂರೇ ಮೂರು ದಿನದಲ್ಲಿ ಸಂಸತ್ತಿನಲ್ಲಿ ಒಂದು ಮಸೂದೆ ಓಡಿಸಿದರು. 1968ರ ಮಾರ್ಚ್ 1, ಶುಕ್ರವಾರ ಅದು ಕಾನೂನಾಯಿತು.

ಕಾನೂನಿನಲ್ಲಿ ಬಣ್ಣದ ಮಾತೇ ಇಲ್ಲ. ಜಾಣತನ ಅಂದರೆ ಅದೇ. ಹೇಳಿದ್ದಿಷ್ಟು: ನಿಮ್ಮ ಅಪ್ಪ ಅಮ್ಮ ಅಥವಾ ಅಜ್ಜ ಅಜ್ಜಿ ಬ್ರಿಟನ್ನಿನಲ್ಲಿ ಹುಟ್ಟಿದ್ದರೆ, ಅಥವಾ ಹೀಗೇ ಯಾವುದಾದರೂ ನಂಟಿದ್ದರೆ ಬನ್ನಿ. ಇಲ್ಲದಿದ್ದರೆ ಸಾಲಿನಲ್ಲಿ ನಿಲ್ಲಿ. ನೈರೋಬಿಯಲ್ಲಿದ್ದ ಬಿಳಿಯ ರೈತನಿಗೆ ಇಂಗ್ಲೆಂಡಿನಲ್ಲಿ ಅಜ್ಜ ಇದ್ದ. ಅದೇ ಬೀದಿಯ ಪಟೇಲರಿಗೆ ಎಲ್ಲಿಂದ ಬರಬೇಕು? ವರ್ಷಕ್ಕೆ 1,500 ಕುಟುಂಬಗಳಿಗೆ ವೋಚರ್, ಅಂದರೆ ಒಳಬರುವ ಚೀಟಿ, ಅಂತ ನಿಗದಿ ಮಾಡಿದರು. ಪಾಸ್‌ಪೋರ್ಟ್ ಬ್ರಿಟಿಷ್, ಬಾಗಿಲು ಮಾತ್ರ ಬಂದ್. ವಿಮಾನ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ಚೆಂಡಿನ ಹಾಗೆ ತಿರುಗಿದವರಿದ್ದಾರೆ.

ಇವರು ಯಾರ ಹತ್ತಿರ ಹೋಗಬೇಕು? ಸಂಸತ್ತೇ ಮಾಡಿದ ಕಾನೂನು. ಬ್ರಿಟನ್ನಿನಲ್ಲಿ ಸಂಸತ್ತು ಮಾಡಿದ ಕಾನೂನನ್ನು ಕೋರ್ಟು ಹೊಡೆದುಹಾಕುವ ಹಾಗಿಲ್ಲ. ನಮ್ಮ ಸುಪ್ರೀಂ ಕೋರ್ಟಿನ ಹಾಗಲ್ಲ ಇದು. ಲಿಖಿತ ಸಂವಿಧಾನವೂ ಇಲ್ಲ, ಮೂಲಭೂತ ಹಕ್ಕಿಗಾಗಿ ನೇರ ಸುಪ್ರೀಂ ಕೋರ್ಟಿಗೆ ಹೋಗಬಹುದು ಅನ್ನುವ ನಮ್ಮ 32ನೇ ವಿಧಿಯಂಥದ್ದೂ ಇಲ್ಲ. ಆದರೆ ಅದೃಷ್ಟಕ್ಕೆ, ಎರಡು ವರ್ಷ ಮೊದಲು, 1966ರ ಜನವರಿಯಲ್ಲಿ ಬ್ರಿಟನ್ ಒಂದು ಕೆಲಸ ಮಾಡಿತ್ತು. ನಮ್ಮ ಸರ್ಕಾರದ ಮೇಲೆ ದೂರಿದ್ದರೆ ಯಾರು ಬೇಕಾದರೂ ನೇರವಾಗಿ ಸ್ಟ್ರಾಸ್‌ಬರ್ಗ್‌ಗೆ ಅರ್ಜಿ ಹಾಕಬಹುದು ಅಂತ ಒಪ್ಪಿಕೊಂಡಿತ್ತು.

ಒಟ್ಟು 31 ಜನ ಅರ್ಜಿ ಹಾಕಿದರು. ಅಲ್ಲೂ ಒಂದು ತೊಡಕು. ತನ್ನ ದೇಶಕ್ಕೆ ಬರುವ ಹಕ್ಕು ಪ್ರತಿ ಪ್ರಜೆಗೂ ಇದೆ ಅನ್ನುವ ಮಾತು ಒಪ್ಪಂದದ ಮೂಲ ಪಠ್ಯದಲ್ಲಿಲ್ಲ, 4ನೇ ಹೆಚ್ಚುವರಿ ಒಪ್ಪಂದದಲ್ಲಿದೆ. ಬ್ರಿಟನ್ ಅದಕ್ಕೆ 1963ರಲ್ಲಿ ಸಹಿ ಹಾಕಿ, ಅನುಮೋದನೆ ಮಾಡದೆ ಹಾಗೇ ಇಟ್ಟುಕೊಂಡಿದೆ. ಇವತ್ತಿನವರೆಗೂ. ಹಾಗಾಗಿ ಆ ಬಾಗಿಲು ಇರಲಿಲ್ಲ. ವಕೀಲರು 3ನೇ ವಿಧಿ ಹಿಡಿದರು. ಅದು ಚಿತ್ರಹಿಂಸೆ, ಅಮಾನುಷ ಅಥವಾ ಹೀನಾಯವಾಗಿ ನಡೆಸಿಕೊಳ್ಳುವುದು ಕೂಡದು ಅನ್ನುವ ವಿಧಿ. ಒಂದು ಜನಾಂಗವನ್ನು ಎಲ್ಲರೆದುರು ಬೇರೆ ಮಾಡಿ, ನೀವು ಕಡಿಮೆ ದರ್ಜೆಯವರು ಅಂತ ಕಾನೂನಿನಲ್ಲೇ ಬರೆಯುವುದು ಹೀನಾಯವಲ್ಲದೆ ಇನ್ನೇನು ಅಂತ ವಾದಿಸಿದರು. ಆಗ ಕೋರ್ಟಿಗೂ ಮುಂಚೆ ದೂರು ನೋಡುತ್ತಿದ್ದದ್ದು ಅಲ್ಲಿನ ಆಯೋಗ. 1973ರ ಡಿಸೆಂಬರ್‌ನಲ್ಲಿ ಅದು ಹೌದು ಅಂದಿತು. 25 ಜನರ ವಿಷಯದಲ್ಲಿ 3ನೇ ವಿಧಿಯ ಉಲ್ಲಂಘನೆ ಆಗಿದೆ ಅಂತ ಬರೆಯಿತು.

ಸಿನಿಮಾ ಆಗಿದ್ದರೆ ಇಲ್ಲಿಗೆ ಚಪ್ಪಾಳೆ. ನಿಜದಲ್ಲಿ ಹಾಗಾಗಲಿಲ್ಲ. ವರದಿ ಒಪ್ಪಂದಕ್ಕೆ ಸೇರಿದ ದೇಶಗಳ ಸಚಿವರ ಸಮಿತಿಗೆ ಹೋಯಿತು. ಅಲ್ಲಿ ಮೂರನೇ ಎರಡರಷ್ಟು ಮತ ಬೀಳಲಿಲ್ಲ. 1977ರಲ್ಲಿ, ಮುಂದೆ ಏನೂ ಮಾಡಬೇಕಿಲ್ಲ ಅಂತ ಮುಗಿಸಿದರು. ಅಷ್ಟರಲ್ಲಿ ಬ್ರಿಟನ್ ಸದ್ದಿಲ್ಲದೆ ವೋಚರ್ ಸಂಖ್ಯೆ ಜಾಸ್ತಿ ಮಾಡಿತ್ತು. ಆ ವರದಿ ಜನರ ಕಣ್ಣಿಗೆ ಬಿದ್ದದ್ದು 1994ರಲ್ಲಿ. ಇಪ್ಪತ್ತು ವರ್ಷ ಬೀರುವಿನಲ್ಲಿತ್ತು.

ಈ ಒಪ್ಪಂದವನ್ನು ಹೊಗಳುವವರು ಇದನ್ನು ಹೇಳುವುದಿಲ್ಲ, ತೆಗಳುವವರಿಗೆ ಇದು ಗೊತ್ತಿಲ್ಲ. ನಾನು ಯಾಕೆ ಇಷ್ಟು ಹೊತ್ತು ಹೇಳಿದೆ ಅಂದರೆ, ಈ ಒಪ್ಪಂದಕ್ಕೆ ಎಷ್ಟು ಬಲ ಇದೆ, ಎಷ್ಟು ಇಲ್ಲ, ಎರಡೂ ಇದರಲ್ಲಿ ಕಾಣುತ್ತದೆ.

ಈಗ ಒಪ್ಪಂದ ಅಂದರೇನು ನೋಡೋಣ. ಗುಂಪಿನಲ್ಲಿ ಮೂರು ಜನ ಬರೆದಿದ್ದರು, "ಬ್ರೆಕ್ಸಿಟ್ ಆಯ್ತಲ್ಲ, ಇನ್ನೂ ಯಾಕೆ ಯುರೋಪಿನ ಕೋರ್ಟು?" ಅಂತ. ಎರಡೂ ಬೇರೆ ಸ್ವಾಮಿ. ಬ್ರೆಕ್ಸಿಟ್‌ನಲ್ಲಿ ಬಿಟ್ಟದ್ದು ಯುರೋಪಿಯನ್ ಒಕ್ಕೂಟವನ್ನು. ಅದರ ಕೋರ್ಟು ಲಕ್ಸೆಂಬರ್ಗ್‌ನಲ್ಲಿದೆ. ಇದು ಕೌನ್ಸಿಲ್ ಆಫ್ ಯುರೋಪ್. 1949ರಲ್ಲಿ ಹುಟ್ಟಿದ್ದು, ಈಗ 46 ದೇಶಗಳಿವೆ, ಟರ್ಕಿ, ಉಕ್ರೇನ್ ಕೂಡ. ಮಾನವ ಹಕ್ಕುಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು ರೋಮ್‌ನಲ್ಲಿ, 1950ರ ನವೆಂಬರ್ 4ರಂದು. ಅನುಮೋದನೆ ಮಾಡಿದ ಮೊದಲ ದೇಶ ಬ್ರಿಟನ್, 1951ರ ಮಾರ್ಚ್‌ನಲ್ಲಿ.

ಇಂಥ ಮಾತು ಬಂದಾಗಲೆಲ್ಲ ನಮ್ಮಲ್ಲೊಬ್ಬರು ಗಾದೆ ಹೇಳುತ್ತಾರೆ, ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ ಅಂತ. ಬಿಡಬೇಕು ಅನ್ನುವವರಿಗೆ ಈ ಗಾದೆ ತಾಗುವುದಿಲ್ಲ. ಇದು ನಮ್ಮ ಮೂಗೇ ಅಲ್ಲ, ಪರದೇಶದವರು ಅಂಟಿಸಿದ್ದು ಅನ್ನುವುದೇ ಅವರ ವಾದ. ಆದರೆ ಕರಡು ಬರೆಯುವ ಸಮಿತಿಯ ಅಧ್ಯಕ್ಷ ಯಾರು ಗೊತ್ತಾ? ಡೇವಿಡ್ ಮ್ಯಾಕ್ಸ್‌ವೆಲ್ ಫೈಫ್. ಕನ್ಸರ್ವೇಟಿವ್ ಸಂಸದ, ನ್ಯೂರೆಂಬರ್ಗ್‌ನ ಯುದ್ಧಾಪರಾಧ ವಿಚಾರಣೆಯಲ್ಲಿ ನಾಜಿ ನಾಯಕ ಗೋರಿಂಗ್‌ನನ್ನು ಪಾಟೀ ಸವಾಲು ಮಾಡಿದ ವಕೀಲ. ಮನುಷ್ಯ ಮೆತ್ತಗಿನವರೇನಲ್ಲ. ಆಮೇಲೆ ಗೃಹ ಸಚಿವರಾಗಿ ಸಲಿಂಗಿಗಳ ಮೇಲೆ ತುಂಬಾ ಬಿಗಿಯಾಗಿದ್ದರು. ಮೂವತ್ತು ವರ್ಷದ ನಂತರ ಅದೇ ಒಪ್ಪಂದ ಹಿಡಿದು ಒಬ್ಬ ಉತ್ತರ ಐರ್ಲೆಂಡಿನ ಸಲಿಂಗಿ ಕಾನೂನನ್ನೇ ಸೋಲಿಸಿದ. ಬರೆದವರ ಕೈ ಮೀರಿ ಬೆಳೆಯಿತು ಅನ್ನಿ. ಅದೇ ಈಗಿನ ಜಗಳದ ಮೂಲ ಕೂಡ, ಅದಕ್ಕೆ ಆಮೇಲೆ ಬರುತ್ತೇನೆ.

ನಾನು ತಿಪಟೂರು ಕಡೆಯವನು. ನಮ್ಮ ಕಡೆ ಹಿಂದೆ ಊರ ಗೌಡನ ಮೇಲೇ ತಕರಾರು ಬಂದರೆ, ಪಂಚಾಯಿತಿಗೆ ಪಕ್ಕದೂರಿನ ಹಿರಿಯರನ್ನು ಕರೆಸುತ್ತಿದ್ದರು. ಊರಿನವರು ಕೆಟ್ಟವರು ಅಂತಲ್ಲ. ಅವರಿಗೆ ಗೌಡರ ಹೊಲದಲ್ಲಿ ಪಾಲಿರುತ್ತದೆ, ಸಾಲ ಇರುತ್ತದೆ, ಹೆಣ್ಣು ಕೊಟ್ಟಿರುತ್ತಾರೆ. ಹೊರಗಿನವರಿಗೆ ಆ ಮುಲಾಜಿಲ್ಲ. ಸ್ಟ್ರಾಸ್‌ಬರ್ಗ್ ಅಷ್ಟೇ. ಪಕ್ಕದೂರಿನ ಪಂಚರು. ಪ್ರತಿ ದೇಶದಿಂದ ಒಬ್ಬ ನ್ಯಾಯಾಧೀಶರು, ಬ್ರಿಟನ್ನಿನವರೂ ಒಬ್ಬರು. ಅವರ ಹತ್ತಿರ ಪೊಲೀಸಿಲ್ಲ, ಸೈನ್ಯ ಇಲ್ಲ. ಮೊದಲು ನಿಮ್ಮೂರಿನ ಕೋರ್ಟಿನಲ್ಲಿ ಸೋತು ಬನ್ನಿ ಅನ್ನುತ್ತಾರೆ. 1998ರ ಮಾನವ ಹಕ್ಕುಗಳ ಕಾಯ್ದೆ 2000ದ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಮೇಲೆ ಈ ಹಕ್ಕುಗಳನ್ನು ಇಲ್ಲಿನ ಕೋರ್ಟಿನಲ್ಲೇ ಕೇಳಬಹುದು. ಹಾಗಾಗಿ ಬ್ರಿಟನ್ ಅಲ್ಲಿ ಸೋಲುವ ಕೇಸು ವರ್ಷಕ್ಕೆ ಬೆರಳೆಣಿಕೆಯಷ್ಟು.

ಇನ್ನು ದೋಣಿಗಳ ವಿಷಯ. ಸಿಟ್ಟು ಸುಳ್ಳಲ್ಲ. 2022ರಲ್ಲಿ ಇಂಗ್ಲಿಷ್ ಕಾಲುವೆ ದಾಟಿ ಸಣ್ಣ ದೋಣಿಗಳಲ್ಲಿ ಬಂದವರು 45,000ಕ್ಕೂ ಜಾಸ್ತಿ. ಇಲ್ಲಿ ಕೂತಿರುವ ಹೆಚ್ಚಿನವರು ವೀಸಾ ಫೀಸು ಕಟ್ಟಿ, ಅದರ ಮೇಲೆ ಆರೋಗ್ಯ ಶುಲ್ಕ ಅಂತ ತಲೆಗೆ ವರ್ಷಕ್ಕೆ ಇಷ್ಟು ಅಂತ (2024ರಿಂದ 1,035 ಪೌಂಡ್) ಕಟ್ಟಿ, ಅದರ ಜೊತೆಗೆ ಸಂಬಳದಲ್ಲಿ ತೆರಿಗೆಯನ್ನೂ ಕಟ್ಟಿದವರು. ನಾಲ್ಕು ಜನರ ಮನೆಗೆ ಲೆಕ್ಕ ಹಾಕಿ. "ಅವರಿಗೆ ಹೋಟೆಲ್ಲು, ನಮಗೆ ಬಿಲ್ಲು" ಅಂತ ಒಬ್ಬರು ಗುಂಪಿನಲ್ಲಿ ಬರೆದದ್ದಕ್ಕೆ ನಲವತ್ತು ಹೆಬ್ಬೆಟ್ಟು ಬಿದ್ದವು. ಹೊಟ್ಟೆ ಉರಿಯುವುದು ಸಹಜ. ಆದರೆ ಬಿಲ್ಲು ಕಳಿಸಿದವರು ಸ್ಟ್ರಾಸ್‌ಬರ್ಗ್‌ನವರಲ್ಲ ಅನ್ನುವುದನ್ನು ಮರೆಯಬಾರದು.

2022ರ ಜೂನ್ 14ರ ರಾತ್ರಿ ಆಶ್ರಯ ಕೇಳಿ ಬಂದವರನ್ನು ರುವಾಂಡಾಕ್ಕೆ ಕಳಿಸಿಬಿಡುವ ಯೋಜನೆಯ ಮೊದಲ ವಿಮಾನ ನಿಂತದ್ದು ಸ್ಟ್ರಾಸ್‌ಬರ್ಗ್‌ನ ತಡೆಯಿಂದ. ಅದು ನಿಜ. ಆ ಸಿಟ್ಟು ಇವತ್ತಿಗೂ ಆರಿಲ್ಲ. ಆದರೆ ಆ ಯೋಜನೆಯನ್ನೇ ಕಾನೂನುಬಾಹಿರ ಅಂತ 2023ರ ನವೆಂಬರ್ 15ರಂದು ಹೇಳಿದ್ದು ಲಂಡನ್ನಿನ ಸುಪ್ರೀಂ ಕೋರ್ಟು. ಐದು ಜನ ನ್ಯಾಯಾಧೀಶರು, ಒಂದೇ ಮಾತು. ಅವರು ಇನ್ನೂ ಒಂದು ಹೇಳಿದರು. ಅಪಾಯ ಇರುವ ಕಡೆಗೆ ಜನರನ್ನು ವಾಪಸು ದಬ್ಬಬಾರದು ಅನ್ನುವುದು ಈ ಒಪ್ಪಂದದಲ್ಲಿ ಮಾತ್ರ ಇರುವುದಲ್ಲ, ನಿರಾಶ್ರಿತರ ಒಪ್ಪಂದದಲ್ಲೂ ಚಿತ್ರಹಿಂಸೆ ವಿರುದ್ಧದ ಒಪ್ಪಂದದಲ್ಲೂ ಬ್ರಿಟನ್ನಿನದೇ ಕಾನೂನುಗಳಲ್ಲೂ ಇದೆ ಅಂತ. ಹಾಗಾದರೆ ಇದೊಂದನ್ನು ಬಿಟ್ಟರೆ ಸಾಲದು. ಎಲ್ಲವನ್ನೂ ಒಂದೊಂದಾಗಿ ಬಿಡುತ್ತಾ ಹೋಗಬೇಕು.

ಬೆಕ್ಕಿನ ಕತೆ ಹೇಳದಿದ್ದರೆ ಈ ಭಾಷಣ ಪೂರ್ತಿ ಆಗುವುದಿಲ್ಲ. 2011ರಲ್ಲಿ ಗೃಹ ಸಚಿವೆ ಥೆರೇಸಾ ಮೇ ತಮ್ಮ ಪಕ್ಷದ ಸಮಾವೇಶದಲ್ಲಿ, ಸಾಕಿದ ಬೆಕ್ಕಿದೆ ಅಂತ ಒಬ್ಬನನ್ನು ಗಡಿಪಾರು ಮಾಡಲು ಆಗಲಿಲ್ಲ ಅಂದರು. ಬೆಕ್ಕಿಗೂ ತೀರ್ಪಿಗೂ ಸಂಬಂಧ ಇಲ್ಲ ಅಂತ ಕೋರ್ಟಿನ ಕಡೆಯವರು ಅವತ್ತೇ ಹೇಳಿದರು. ಗೃಹ ಇಲಾಖೆ ತನ್ನದೇ ನಿಯಮ ಪಾಲಿಸಿರಲಿಲ್ಲ, ಅಷ್ಟೇ. 2025ರಲ್ಲಿ ಚಿಕನ್ ನಗೆಟ್ಸ್ ಬಂತು. ಮಗನಿಗೆ ಹೊರದೇಶದ ಚಿಕನ್ ನಗೆಟ್ಸ್ ಹಿಡಿಸುವುದಿಲ್ಲ ಅಂತ ಅಲ್ಬೇನಿಯಾದ ಅಪರಾಧಿಯೊಬ್ಬ ಉಳಿದುಕೊಂಡ ಅಂತ ಮುಖಪುಟದಲ್ಲಿ ಬಂತು. ಮೇಲಿನ ಟ್ರಿಬ್ಯೂನಲ್ ಆ ತೀರ್ಪನ್ನು ರದ್ದು ಮಾಡಿದ್ದು ಎಷ್ಟು ಜನ ಓದಿದರು? ಎರಡೂ ಬ್ರಿಟನ್ನಿನದೇ ಟ್ರಿಬ್ಯೂನಲ್‌ಗಳು. ಸ್ಟ್ರಾಸ್‌ಬರ್ಗ್ ಆ ಬೆಕ್ಕನ್ನೂ ನೋಡಿಲ್ಲ, ನಗೆಟ್ಸನ್ನೂ ತಿಂದಿಲ್ಲ.

ಇದೇ ಸಾಲಿಗೆ ನಮ್ಮವರ ಅಚ್ಚುಮೆಚ್ಚಿನ ಕತೆ ವಿಜಯ್ ಮಲ್ಯರದು. "ಮಾನವ ಹಕ್ಕು ಅಂತ ಹೇಳಿಕೊಂಡೇ ತಾನೇ ಇಲ್ಲಿ ಕೂತಿರುವುದು?" ಅಂತ ಕೇಳುತ್ತಾರೆ. ಮಲ್ಯರ ವಕೀಲರು 3ನೇ ವಿಧಿ ಎತ್ತಿದ್ದು ಹೌದು, ಮುಂಬೈನ ಆರ್ಥರ್ ರೋಡ್ ಜೈಲು ಸರಿ ಇಲ್ಲ ಅಂತ. ಲಂಡನ್ನಿನ ನ್ಯಾಯಾಧೀಶರು 12ನೇ ಬ್ಯಾರಕ್ಕಿನ ವೀಡಿಯೋ ತರಿಸಿ ನೋಡಿದರು. ನೋಡಿ, ಸರಿ ಇದೆ ಅಂದರು. 2018ರ ಡಿಸೆಂಬರ್‌ನಲ್ಲಿ ಹಸ್ತಾಂತರಕ್ಕೆ ಒಪ್ಪಿದರು. 2020ರಲ್ಲಿ ಮೇಲ್ಮನವಿಯೂ ಬಿತ್ತು. ಆ ವಾದ ಸೋತಿತು ಅಂತಲೇ ಲೆಕ್ಕ.

ಗೆದ್ದ ಕೇಸು ಬೇರೆ ಇದೆ. ಅದು ನಮಗೆ ಕಹಿ. ಖಲಿಸ್ತಾನ್ ಚಳವಳಿಯವನು ಅಂತ ಒಬ್ಬ ಸಿಖ್ಖರನ್ನು ರಾಷ್ಟ್ರೀಯ ಭದ್ರತೆಯ ಕಾರಣ ಕೊಟ್ಟು ಭಾರತಕ್ಕೆ ಕಳಿಸಲು ಬ್ರಿಟನ್ ಹೊರಟಿತ್ತು. ಆರು ವರ್ಷ ಜೈಲಿನಲ್ಲಿಟ್ಟುಕೊಂಡಿತ್ತು. 1996ರಲ್ಲಿ ಸ್ಟ್ರಾಸ್‌ಬರ್ಗ್ ಕೂಡದು ಅಂದಿತು. ಪಂಜಾಬಿನ ಪೊಲೀಸರ ಕೈಗೆ ಸಿಕ್ಕರೆ ಚಿತ್ರಹಿಂಸೆ ಆಗುವ ಅಪಾಯ ನಿಜವಾಗಿ ಇದೆ, ಮನುಷ್ಯ ಎಂಥವನೇ ಆಗಲಿ ಅಲ್ಲಿಗೆ ಕಳಿಸುವ ಹಾಗಿಲ್ಲ ಅಂದಿತು. ಚಹಲ್ ಮೊಕದ್ದಮೆ ಅಂತ. ಇದನ್ನು ಹೇಳಿದಾಗ ಇದೇ ಹಾಲ್‌ನಲ್ಲಿ ಹಿಂದಿನ ಸಾಲಿನಿಂದ "ಇದು ನಮ್ಮ ದೇಶಕ್ಕೆ ಅವಮಾನ ಅಲ್ವಾ?" ಅಂತ ಪ್ರಶ್ನೆ ಬಂತು. ಹೌದು, ಅವಮಾನವೇ. ತೀರ್ಪು ಕೊಟ್ಟವರಿಂದ ಆಯಿತೋ ಪೊಲೀಸ್ ಠಾಣೆಗಳಿಂದ ಆಯಿತೋ ನೋಡಬೇಕು. ಭಾರತ ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿದೆ. ಅನುಮೋದನೆ ಇನ್ನೂ ಆಗಿಲ್ಲ. 2010ರಲ್ಲಿ ಲೋಕಸಭೆ ಒಂದು ಮಸೂದೆ ಪಾಸು ಮಾಡಿತು, ಅದು ರಾಜ್ಯಸಭೆಯಲ್ಲಿ ಕೂತು ಸತ್ತಿತು. ಈಗಲೂ ಲಂಡನ್ನಿನ ಹಸ್ತಾಂತರ ಕೇಸುಗಳಲ್ಲಿ ಎದುರು ವಕೀಲರು ಎತ್ತುವುದು ಇದನ್ನೇ.

ಈಗ ಎದುರಿನವರ ಗಟ್ಟಿ ವಾದಕ್ಕೆ ಬರೋಣ. ಬೆಕ್ಕಿನದಲ್ಲ, ನಿಜವಾದದ್ದು.

1972. ಐಲ್ ಆಫ್ ಮ್ಯಾನ್ ದ್ವೀಪ. ಹದಿನೈದು ವರ್ಷದ ಹುಡುಗನಿಗೆ ಕೋರ್ಟಿನ ಆದೇಶದ ಮೇಲೆ ಬರ್ಚ್ ಬರಲಿನಿಂದ ಮೂರು ಏಟು. 1978ರಲ್ಲಿ ಸ್ಟ್ರಾಸ್‌ಬರ್ಗ್ ಇದು ಹೀನಾಯ ಶಿಕ್ಷೆ ಅಂದಿತು. ನಾಗರಬೆತ್ತದ ರುಚಿ ನೋಡಿ ಬೆಳೆದ ನನ್ನಂಥವರಿಗೆ ಮೂರು ಏಟಿಗೆ ಇಷ್ಟೆಲ್ಲಾನಾ ಅನ್ನಿಸುವುದು ಸಹಜ. ದ್ವೀಪದ ಜನಕ್ಕೂ ಹಾಗೇ ಅನ್ನಿಸಿತು. ಅವರಲ್ಲಿ ಹೆಚ್ಚಿನವರು ಬೆತ್ತ ಇರಲಿ ಅನ್ನುವವರೇ. ಆದರೆ ಕೋರ್ಟು ಒಂದು ಮಾತು ಹೇಳಿತು: ಈ ಒಪ್ಪಂದ ಜೀವ ಇರುವ ದಸ್ತಾವೇಜು, ಅದನ್ನು 1950ರ ಕಣ್ಣಿನಿಂದಲ್ಲ, ಇವತ್ತಿನ ಕಣ್ಣಿನಿಂದ ಓದಬೇಕು. ಈಗಿನ ಜಗಳವೆಲ್ಲ ಆ ಒಂದು ವಾಕ್ಯದ ಮೇಲೆ ನಿಂತಿದೆ. ನಾವು ಸಹಿ ಹಾಕಿದ್ದು ಒಂದಕ್ಕೆ, ನೀವು ಓದುತ್ತಿರುವುದು ಇನ್ನೊಂದು, ನಡುವೆ ನಮ್ಮ ಮತದಾರ ಎಲ್ಲಿ ಹೋದ ಅಂತ ಕೇಳುತ್ತಾರೆ. ಕೇಳುವವರು ಬರೀ ರಾಜಕಾರಣಿಗಳಲ್ಲ. ಲಂಡನ್ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ ಜೊನಾಥನ್ ಸಂಪ್ಶನ್ ಕೂಡ ಹೊರಬರುವುದೇ ಸರಿ ಅನ್ನುವವರು. ಓಟು ಹಾಕಿ ಬದಲಿಸಲು ಆಗದವರು ಕಾನೂನು ಮಾಡಬಾರದು ಅನ್ನುವುದು ಅವರ ತಕರಾರು. ನಾನು ಅವರ ಮಾತನ್ನು ಓದಿ ಎರಡು ದಿನ ಸುಮ್ನೆ ಕೂತಿದ್ದೆ. ಅಷ್ಟು ಸುಲಭಕ್ಕೆ ತಳ್ಳಿಹಾಕುವ ಮಾತಲ್ಲ ಅದು.

ಆದರೆ ಪಂಚರ ಮಾತು ಎಷ್ಟು ನಡೆಯುತ್ತದೆ ಅನ್ನುವುದಕ್ಕೆ ಹರ್ಸ್ಟ್ ಕೇಸು ನೋಡಿ. ಮನೆ ಒಡತಿಯನ್ನು ಕೊಂದು ಜೈಲು ಸೇರಿದವನೊಬ್ಬ ತನಗೆ ಮತದಾನದ ಹಕ್ಕು ಬೇಕು ಅಂದ. ಎಲ್ಲ ಕೈದಿಗಳಿಗೂ ಸಾರಾಸಗಟಾಗಿ ಓಟು ಇಲ್ಲ ಅನ್ನುವುದು ತಪ್ಪು ಅಂತ 2005ರಲ್ಲಿ ಸ್ಟ್ರಾಸ್‌ಬರ್ಗ್ ಹೇಳಿತು. ನೆನೆದರೆ ಹೊಟ್ಟೆ ತೊಳೆಸುತ್ತದೆ ಅನ್ನುವ ಅರ್ಥದಲ್ಲಿ ಪ್ರಧಾನಿ ಕ್ಯಾಮೆರಾನ್ ಮಾತಾಡಿದರು. 2011ರಲ್ಲಿ ಸಂಸತ್ತು 234ಕ್ಕೆ 22 ಮತದಿಂದ ಆಗುವುದಿಲ್ಲ ಅಂದಿತು. ಆಮೇಲೇನಾಯಿತು? ಸೈನ್ಯ ಬರಲಿಲ್ಲ. ದಂಡ ಹಾಕಲಿಲ್ಲ. ವರ್ಷಗಟ್ಟಲೆ ಕಾಗದ ಓಡಾಡಿದವು. ಕೊನೆಗೆ, ತಾತ್ಕಾಲಿಕವಾಗಿ ಹೊರಗೆ ಬಿಟ್ಟ ಕೆಲವು ಕೈದಿಗಳು ಓಟು ಹಾಕಬಹುದು ಅಂತ ಬ್ರಿಟನ್ ಸಣ್ಣದೊಂದು ಬದಲಾವಣೆ ಮಾಡಿತು. 2018ರಲ್ಲಿ ಫೈಲು ಮುಚ್ಚಿತು. ಇದನ್ನು ಗುಲಾಮಗಿರಿ ಅಂತ ಕರೆಯಲು ನನಗೆ ನಾಲಿಗೆ ಬರುವುದಿಲ್ಲ. ಹೆಚ್ಚೆಂದರೆ ಅತ್ತೆ ಮನೆಗೆ ಬಂದು ಗೊಣಗುವ ಹಿರಿಯರ ಹಾಗೆ.

ಒಳಗಿದ್ದು ಜಗಳ ಆಡಲು ಜಾಗ ಇದೆ. 2025ರ ಮೇ ತಿಂಗಳಲ್ಲಿ ಇಟಲಿ, ಡೆನ್ಮಾರ್ಕ್ ಮುಂದಾಳಾಗಿ ಒಂಬತ್ತು ದೇಶಗಳು ಬಹಿರಂಗ ಪತ್ರ ಬರೆದವು. ವಲಸೆಯ ವಿಷಯದಲ್ಲಿ ಕೋರ್ಟು ಒಪ್ಪಂದವನ್ನು ಜಾಸ್ತಿ ಎಳೆದಿದೆ ಅಂತ. ನನಗೆ ಆ ಪತ್ರದ ಎಷ್ಟೋ ಮಾತು ಒಪ್ಪಿಗೆ ಇಲ್ಲ. ಆದರೆ ಬರೆದದ್ದು ಸರಿ. ಅವರು ಬಾಗಿಲು ಹಾಕಿಕೊಂಡು ಹೋಗಲಿಲ್ಲ.

ಹೋದವರು ಯಾರು? ಇದುವರೆಗೆ ಇಬ್ಬರು. ಗ್ರೀಸ್‌ನಲ್ಲಿ 1967ರಲ್ಲಿ ಕರ್ನಲ್‌ಗಳು ಅಧಿಕಾರ ಹಿಡಿದರು. ಜನರನ್ನು ಹಿಡಿದು ಹಿಂಸೆ ಕೊಟ್ಟರು. ಡೆನ್ಮಾರ್ಕ್, ನಾರ್ವೆ, ಸ್ವೀಡನ್, ನೆದರ್‌ಲೆಂಡ್ಸ್ ದೂರು ಕೊಟ್ಟವು. 1969ರ ಡಿಸೆಂಬರ್‌ನಲ್ಲಿ, ಹೊರಹಾಕುವ ತೀರ್ಮಾನ ಆಗುವ ಮುಂಚೆಯೇ ಗ್ರೀಸ್ ತಾನಾಗಿ ಎದ್ದು ಹೋಯಿತು. ಸರ್ವಾಧಿಕಾರ ಬಿದ್ದ ಮೇಲೆ, 1974ರಲ್ಲಿ ವಾಪಸು ಬಂತು. ಇನ್ನೊಂದು ರಷ್ಯಾ. ಉಕ್ರೇನ್ ಮೇಲೆ ದಾಳಿ ಮಾಡಿದ್ದಕ್ಕೆ 2022ರ ಮಾರ್ಚ್‌ನಲ್ಲಿ ಕೌನ್ಸಿಲ್‌ನಿಂದ ಹೊರಹಾಕಿದರು, ಸೆಪ್ಟೆಂಬರ್‌ನಲ್ಲಿ ಒಪ್ಪಂದವೂ ಹೋಯಿತು. ಬ್ರಿಟನ್ ಹೋದರೆ ಪಂಕ್ತಿಯಲ್ಲಿ ಮೂರನೆಯ ಎಲೆ ಅದರದು.

ಹೋಗುವುದು ಕಷ್ಟವೇನಲ್ಲ. 58ನೇ ವಿಧಿ ಪ್ರಕಾರ ಆರು ತಿಂಗಳ ನೋಟಿಸು, ಬಾಡಿಗೆ ಮನೆ ಖಾಲಿ ಮಾಡಿದ ಹಾಗೆ. ಆದರೆ ಗೋಡೆಗೆ ಹೊಡೆದ ಮೊಳೆಗಳು ಬೇಕಾದಷ್ಟಿವೆ. ಉತ್ತರ ಐರ್ಲೆಂಡಿನ 1998ರ ಶಾಂತಿ ಒಪ್ಪಂದದಲ್ಲಿ ಈ ಹಕ್ಕುಗಳನ್ನು ಅಲ್ಲಿನ ಕಾನೂನಿಗೆ ಸೇರಿಸುವ ಮಾತು ಕೊಡಲಾಗಿದೆ. ಬ್ರೆಕ್ಸಿಟ್ ನಂತರದ ವ್ಯಾಪಾರ ಒಪ್ಪಂದದಲ್ಲಿ, ಬ್ರಿಟನ್ ಇದನ್ನು ಬಿಟ್ಟರೆ ಪೊಲೀಸ್ ಸಹಕಾರದ ಭಾಗವನ್ನು ಯುರೋಪಿಯನ್ ಒಕ್ಕೂಟ ಕಡಿದುಕೊಳ್ಳಬಹುದು. ಇದೆಲ್ಲ ಗೊತ್ತಿದ್ದೂ 2025ರ ಅಕ್ಟೋಬರ್‌ನಲ್ಲಿ ಕನ್ಸರ್ವೇಟಿವ್ ಪಕ್ಷ ಅಧಿಕಾರಕ್ಕೆ ಬಂದರೆ ಹೊರಬರುತ್ತೇವೆ ಅಂತ ಘೋಷಿಸಿತು. ಅದೇ ತಿಂಗಳು ರಿಫಾರ್ಮ್ ಪಕ್ಷದ ನೈಜೆಲ್ ಫರಾಜ್ ತಂದ ಖಾಸಗಿ ಮಸೂದೆ 154ಕ್ಕೆ 96ರಲ್ಲಿ ಸೋತಿತು. 96 ಸಣ್ಣ ಸಂಖ್ಯೆ ಅಲ್ಲ.

ಇಂಗ್ಲಿಷರಿಗೆ ಇದರಿಂದ ಏನು ಸಿಕ್ಕಿದೆ ಅಂತ ಕೇಳುವವರಿಗೆ ಒಂದೇ ಉದಾಹರಣೆ. ಹಿಲ್ಸ್‌ಬರೋ. 1989ರಲ್ಲಿ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ತುಳಿತಕ್ಕೆ ಸಿಕ್ಕು ಸತ್ತ ಲಿವರ್‌ಪೂಲ್ ತಂಡದ ಅಭಿಮಾನಿಗಳು ಒಟ್ಟು 97 ಜನ. ಮೊದಲ ವಿಚಾರಣೆ ಅಪಘಾತ ಅಂತ ಮುಗಿಸಿತ್ತು. ಎರಡನೇ ವಿಚಾರಣೆ ಜೀವದ ಹಕ್ಕಿನ 2ನೇ ವಿಧಿಯ ಬಲದಲ್ಲಿ ಆಳವಾಗಿ ನಡೆಯಿತು. 2016ರಲ್ಲಿ, ಇದು ಕಾನೂನುಬಾಹಿರ ಸಾವು ಅಂತ ಜ್ಯೂರಿ ಹೇಳಿತು. ಲಿವರ್‌ಪೂಲಿನ ಆ ತಾಯಂದಿರು ವಲಸಿಗರಲ್ಲ.

ಭಾರತ ಈ ಒಪ್ಪಂದದಲ್ಲಿಲ್ಲ, ಇರುವ ಹಾಗೂ ಇಲ್ಲ. ಆದರೂ ಅದರ ನೆರಳು ಅಲ್ಲಿಗೂ ಬಿದ್ದಿದೆ. ಆಗ ಹೇಳಿದೆನಲ್ಲ, ಉತ್ತರ ಐರ್ಲೆಂಡಿನ ಸಲಿಂಗಿ. ಅವರ ಹೆಸರು ಜೆಫ್ರಿ ಡಡ್ಜನ್, ತೀರ್ಪು ಬಂದದ್ದು 1981ರಲ್ಲಿ. 2009ರಲ್ಲಿ ದೆಹಲಿ ಹೈಕೋರ್ಟು, ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ 377ನೇ ಕಲಮಿನ ಮೇಲೆ ತೀರ್ಪು ಬರೆಯುವಾಗ ಅದನ್ನು ಎತ್ತಿಕೊಂಡಿತು. 2018ರಲ್ಲಿ ಸುಪ್ರೀಂ ಕೋರ್ಟು ಆ ಕಲಮಿನ ಹಲ್ಲು ಕಿತ್ತಿತು. 377 ನಮಗೆ ಬ್ರಿಟಿಷರು ಕೊಟ್ಟು ಹೋದದ್ದು. ಅದನ್ನು ಕೀಳಲು ನೆರವಾದದ್ದು ಬ್ರಿಟನ್ ಸೋತ ಕೇಸು. 2017ರ ಖಾಸಗಿತನದ ತೀರ್ಪಿನಲ್ಲೂ ಸ್ಟ್ರಾಸ್‌ಬರ್ಗ್‌ನ ತೀರ್ಪುಗಳ ಚರ್ಚೆ ಪುಟಗಟ್ಟಲೆ ಇದೆ. ಆ ಅರ್ಜಿ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ.

ಅಲ್ಲಿಗೆ ನನ್ನ ಮಾತು ನಿಲ್ಲಿಸಿದೆ. ಆಮೇಲೆ ಪ್ರಶ್ನೆಗಳು.

ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹಾಸನದ ಒಬ್ಬ ತಂಗಿ ಎದ್ದು ನಿಂತರು. "ಅಣ್ಣಾ, ನಮ್ಮಮ್ಮ ಊರಲ್ಲಿ ಒಬ್ಬರೇ ಇದಾರೆ. ಮೂರು ಸಲ ಕೇಳಿದೆ, ಕರ್ಕೊಂಡು ಬರೋಕಾಗಲ್ಲ ಅಂದ್ರು. ಕುಟುಂಬದ ಹಕ್ಕು ಅಂತ ಇದೆಯಂತಲ್ಲ, ನಮಗೆಲ್ಲಿ ಅದು?" ಇದಕ್ಕೆ ನನ್ನ ಹತ್ತಿರ ಸಿಹಿಯಾದ ಉತ್ತರ ಇರಲಿಲ್ಲ. 2012ರ ಜುಲೈನಲ್ಲಿ ತಂದ ನಿಯಮ ವಯಸ್ಸಾದ ಅಪ್ಪ ಅಮ್ಮಂದಿರಿಗೆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ಕುಟುಂಬ ಜೀವನದ ಹಕ್ಕಿನ 8ನೇ ವಿಧಿ ಹಿಡಿದು, ಇಂಥ ಕುಟುಂಬಗಳ ಪರವಾಗಿ ಬ್ರಿಟ್‌ಸಿಟ್ಸ್ ಅನ್ನುವ ಸಂಸ್ಥೆ ಕೋರ್ಟಿಗೆ ಹೋಯಿತು. 2017ರಲ್ಲಿ ಸೋತಿತು. ನಾನೇ ಇಂಥ ಹನ್ನೆರಡು ಫೈಲು ಜೋಡಿಸಿದ್ದೇನೆ, ಒಂದು ಗೆದ್ದಿದೆ. ಒಪ್ಪಂದ ನಮ್ಮನ್ನು ಕೈಹಿಡಿದು ಎತ್ತುತ್ತದೆ ಅಂತ ನಾನು ಯಾರಿಗೂ ಹೇಳಲಾರೆ ಅಂದೆ. ಅವರು ತಲೆಯಾಡಿಸಿ ಕೂತರು.

ಐಟಿಯ ಹುಡುಗರೊಬ್ಬರು ಐಎಲ್‌ಆರ್ ಬಗ್ಗೆ ಕೇಳಿದರು. ಕಾಯಂ ಆಗಿ ಇರುವ ಆ ಪರವಾನಗಿಯನ್ನೇ ರದ್ದು ಮಾಡುತ್ತೇವೆ ಅಂತ ರಿಫಾರ್ಮ್ ಪಕ್ಷ 2025ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಈಗಾಗಲೇ ಕೊಟ್ಟದ್ದನ್ನು ಕಿತ್ತುಕೊಂಡರೆ ಯಾವ ಕಾನೂನು ಹಿಡಿದು ಹೋಗುತ್ತೀರಿ ಅಂತ ನಾನೇ ತಿರುಗಿ ಕೇಳಿದೆ. ಕಾಗದ ಜೋಡಿಸುವವನ ಅನುಭವದಿಂದ ಹೇಳುತ್ತೇನೆ, ಮೊದಲ ಪುಟದಲ್ಲಿ ಬರೆಯುವುದು 8ನೇ ವಿಧಿಯನ್ನೇ. ಗೆಲ್ಲುತ್ತೀರೋ ಇಲ್ಲವೋ ಬೇರೆ ಮಾತು. ಬರೆಯಲು ಒಂದು ಸಾಲಾದರೂ ಇರಬೇಕಲ್ಲ. "ದೋಣಿಯವರ ಸಾಲೂ ಅದೇನಾ?" ಅಂದರು. ಅದೇ ಅಂದೆ.

ಅಷ್ಟರಲ್ಲಿ ಊಟ ಬಂತು.

ಎಲ್ಲರೂ ತಟ್ಟೆ ಹಿಡಿದು ನಿಂತಿದ್ದಾಗ ಹಾಲ್‌ನ ಬೀಗದ ಕೈ ಇಟ್ಟುಕೊಳ್ಳುವ ಅಜ್ಜಿ ನನ್ನ ಹತ್ತಿರ ಬಂದರು. ಗುಜರಾತಿಯವರು. ಕನ್ನಡ ಬಾರದು. ಆದರೆ ನೈರೋಬಿ, 1968, ವೋಚರ್ ಅನ್ನುವ ಪದಗಳು ಕಿವಿಗೆ ಬಿದ್ದಿದ್ದವು. ಹಿಂದಿಯಲ್ಲಿ ಮಾತಾಡಿದರು. ಅವರು ಗಂಡನ ಜೊತೆ ಬಂದಿಳಿದದ್ದು ಆ ವಾರದ ಮಂಗಳವಾರವಂತೆ. ಅವರ ಅಣ್ಣನ ಟಿಕೆಟ್ ಇದ್ದದ್ದು ಮುಂದಿನ ಸೋಮವಾರಕ್ಕೆ. ನಡುವೆ ಶುಕ್ರವಾರ ಬಂತು. ಅಣ್ಣ ಲೆಸ್ಟರ್‌ಗೆ ಬರುವಷ್ಟರಲ್ಲಿ ಐದು ವರ್ಷ ಆಗಿತ್ತು, ಅಷ್ಟರಲ್ಲಿ ಅತ್ತಿಗೆ ತೀರಿಕೊಂಡಿದ್ದರು.

ಫ್ರಾನ್ಸಿನಲ್ಲಿ ಕೂತು ಯಾರೋ ಇದು ತಪ್ಪು ಅಂತ ಬರೆದಿಟ್ಟಿದ್ದಾರೆ ಅನ್ನುವುದು ಅವರಿಗೆ ಗೊತ್ತೇ ಇರಲಿಲ್ಲ. "ಬರೆದಿದ್ದಾರಾ?" ಅಂತ ಎರಡು ಸಲ ಕೇಳಿದರು. ಆಮೇಲೆ, "ಆ ಕಾಗದ ನೋಡೋಕೆ ಸಿಗತ್ತಾ?" ಅಂದರು. ಇಂಗ್ಲಿಷಿನಲ್ಲಿದೆ, ಉದ್ದ ಇದೆ ಅಂದೆ. ಪರವಾಗಿಲ್ಲ, ಮೊಮ್ಮಗಳು ಓದಿ ಹೇಳುತ್ತಾಳೆ ಅಂದರು. ಮುಂದಿನ ತಿಂಗಳ ಕೂಟಕ್ಕೆ ಪ್ರಿಂಟ್ ಹಾಕಿಸಿ ತರುತ್ತೇನೆ ಅಂತ ಹೇಳಿ ಬಂದಿದ್ದೇನೆ.